ಕೆಂಪು ಬಾವುಟದ ಈಚೆಗೆ

ಹುಡುಗಿಯನ್ನು ನನ್ನ ಹತ್ತಿರ ಕರೆತಂದವರು ಅವಳ ತಂದೆ ತಾಯಿ ಅಲ್ಲ, ಅವಳ ಶಾಲೆಯ ಹೆಡ್‌ಮಾಸ್ತರರು. ವಾಡಿಯ ಸ್ಟೇಷನ್ ರಸ್ತೆಯ ಒಂದು ಧರ್ಮಾರ್ಥ ದವಾಖಾನೆಯ ಹಿಂಬದಿಯಲ್ಲಿ ನನಗೊಂದು ಕೋಣೆ ಕೊಟ್ಟಿದ್ದರು. ವಾರಕ್ಕೆ ಎರಡು ದಿನ ಸೇಡಂನಿಂದ ಪ್ಯಾಸೆಂಜರ್ ಗಾಡಿ ಹಿಡಿದು ಬಂದು ಅಲ್ಲಿ ಕೂರುತ್ತಿದ್ದೆ. ಮನೋವೈದ್ಯರು ಎಂದು ಬರೆಸಿದರೆ ಒಂದು ನರಪಿಳ್ಳೆಯೂ ಒಳಗೆ ಬರುವುದಿಲ್ಲವೆಂದು ಬಾಗಿಲ ಮೇಲೆ ‘ತಲೆನೋವು, ನಿದ್ರೆ, ಅಂಜಿಕೆ’ ಎಂದಷ್ಟೇ ಬರೆಸಿದ್ದೆವು. ಹೆಡ್‌ಮಾಸ್ತರರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ತಮಗೆ ಬೇಕಾದದ್ದನ್ನು ಹೇಳಿಬಿಟ್ಟರು. ಹುಡುಗಿ ಶಾಲೆಗೆ ಬರುವ ಸ್ಥಿತಿಯಲ್ಲಿಲ್ಲ ಎಂದು ನಾನು ಬರೆದು ಸಹಿ ಹಾಕಬೇಕು. ಹತ್ತನೆಯ ಇಯತ್ತೆ, ಪರೀಕ್ಷೆಗೆ ಕೆಲವೇ ತಿಂಗಳು. ಪರೀಕ್ಷೆಯ ನಡುವೆ ಎದ್ದು ಕಿರುಚಿದರೆ ಉಳಿದ ಮಕ್ಕಳ ಗತಿ ಏನು?

ನನಗೆ ಸಿಟ್ಟು ಬರಲು ಹೊತ್ತು ಬೇಕಾಗುವುದಿಲ್ಲ. ಹುಡುಗಿಯನ್ನು ಎದುರಿಗೆ ನಿಲ್ಲಿಸಿಕೊಂಡೇ ಅವಳ ಓದಿಗೆ ಬೀಗ ಹಾಕುವ ಮಾತಾಡುತ್ತಿದ್ದಾರಲ್ಲ ಎಂದು ಮೈ ಉರಿಯಿತು. ನಾನು ಹಾಗೇನೂ ಬರೆದುಕೊಡುವುದಿಲ್ಲ, ಪರೀಕ್ಷೆಗೆ ಅವಳನ್ನು ನಾನೇ ತಯಾರು ಮಾಡಿ ಕಳಿಸುತ್ತೇನೆ ಎಂದುಬಿಟ್ಟೆ. ಹೇಗೆ ಮಾಡುತ್ತೇನೆ ಎನ್ನುವುದು ನನಗೇ ಗೊತ್ತಿರಲಿಲ್ಲ. ಹುಡುಗಿ ಮಾತ್ರ ಆಗ ಮೊದಲ ಸಲ ತಲೆ ಎತ್ತಿ ನನ್ನ ಮುಖ ನೋಡಿದಳು.

ನಡೆದಿದ್ದು ಇಷ್ಟು. ಅವಳ ಮನೆ ರಾವೂರಿನ ಕಡೆ, ಒಂದು ಸುಣ್ಣಗಲ್ಲಿನ ಗಣಿಯ ಪಕ್ಕದ ಓಣಿಯಲ್ಲಿ. ಅವಳ ಅಪ್ಪ ಆ ಗಣಿಯಲ್ಲೇ ಬಂಡೆ ಸಿಡಿಸುವ ಮದ್ದು ತುಂಬುವ ತಂಡದಲ್ಲಿದ್ದ. ಮಧ್ಯಾಹ್ನ ಮದ್ದು ಹಾರಿಸುವ ಮುಂಚೆ ಭೋಂಗಾ, ಎಂದರೆ ಎಚ್ಚರಿಕೆಯ ಸೈರನ್ನು, ಉದ್ದಕ್ಕೆ ಕೂಗುತ್ತದೆ. ಬಂಡಿದಾರಿಗಳಿಗೆ ಅಡ್ಡಲಾಗಿ ಕೆಂಪು ಬಾವುಟ ಹಿಡಿದು ಆಳುಗಳು ನಿಲ್ಲುತ್ತಾರೆ. ಹಿಂದಿನ ವರ್ಷ ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬರುವಾಗ ಇವಳು ಹೊಲದೊಳಗಿನ ಅಡ್ಡದಾರಿ ಹಿಡಿದು ಬಾವುಟದವನ ಕಣ್ಣಿಗೆ ಬೀಳದೆ ಒಳಗೆ ಬಂದುಬಿಟ್ಟಿದ್ದಳು. ಭೋಂಗಾ ಕೂಗಿತು, ನೆಲ ಅದುರಿತು, ತೆಂಗಿನಕಾಯಿ ಗಾತ್ರದ ಕಲ್ಲೊಂದು ಹಾರಿ ಬಂದು ಅವಳ ಪಕ್ಕದ ಬೇವಿನ ಟೊಂಗೆಯನ್ನು ಮುರಿದು ಹಾಕಿತು. ಅವಳ ಮೈಗೆ ಒಂದು ಗೀರೂ ಆಗಲಿಲ್ಲ. ಆಗಲಿಲ್ಲ ಎಂಬುದೇ ಅವಳಿಗೆ ಮುಳುವಾಯಿತು. ಏನೂ ಆಗದವಳಿಗೆ ಇದೆಂಥ ಅಂಜಿಕೆ, ನಾಟಕ ಮಾಡುತ್ತಾಳೆ ಎಂದು ಓಣಿಯವರು ಆಡಿಕೊಂಡರು.

ಮೊದಲು ಭೋಂಗಾಕ್ಕೆ ಮಾತ್ರ ಅಂಜುತ್ತಿದ್ದಳು. ಆಮೇಲೆ ರೈಲಿನ ಸೀಟಿ, ನೆರೆಮನೆಯ ಕುಕ್ಕರಿನ ಸೀಟಿ, ಕೊನೆಗೆ ಶಾಲೆಯ ಗಂಟೆಯೂ ಅವಳನ್ನು ಅಂಜಿಸಲು ಸಾಕಾಯಿತು. ಕೈಕಾಲು ತಣ್ಣಗಾಗಿ, ಉಸಿರು ಸಿಕ್ಕಿಕೊಂಡು, ಬೆಂಚಿನ ಕೆಳಗೆ ತೂರಿಕೊಳ್ಳುತ್ತಿದ್ದಳು. ಒಂದು ಸಲ ತರಗತಿಯಲ್ಲಿಯೇ ಬಟ್ಟೆ ಒದ್ದೆಯಾಯಿತು. ಹದಿನೈದು ದಾಟಿದ ಹುಡುಗಿಗೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಬೇಕೆ?

ಅಂಜಿಕೆಯೂ ಒಂದು ಕಲಿಕೆಯೇ. ಮಗ್ಗಿ ಕಲಿತ ಹಾಗೆ ಮೆದುಳು ಅದನ್ನೂ ಕಲಿಯುತ್ತದೆ. ಮಗ್ಗಿಯನ್ನು ತಿಂಗಳುಗಟ್ಟಲೆ ಉರು ಹೊಡೆಯಬೇಕು, ಅಂಜಿಕೆಗೆ ಒಂದು ಪಾಠ ಸಾಕು. ಮೆದುಳಿನ ಆಳದಲ್ಲಿ ಬಾದಾಮಿ ಆಕಾರದ ಒಂದು ಭಾಗವಿದೆ, ಅಮಿಗ್ಡಲ ಎನ್ನುತ್ತಾರೆ. ಈ ಸದ್ದು ಬಂದರೆ ಅಪಾಯ ಎಂದು ಗಂಟು ಹಾಕಿಡುವುದು ಅದರ ಕೆಲಸ. ಗಂಟು ಸಡಿಲವಾಗಬೇಕಾದರೆ ಸದ್ದು ಮತ್ತೆ ಮತ್ತೆ ಬರಬೇಕು, ಅಪಾಯ ಬರಬಾರದು. ಹರೆಯದಲ್ಲಿ ಈ ಬಿಡಿಸುವ ಕೆಲಸ ಸ್ವಲ್ಪ ನಿಧಾನ, ಯಾಕೆಂದರೆ ಅಮಿಗ್ಡಲಕ್ಕೆ ಲಗಾಮು ಹಾಕುವ ಮುಂಭಾಗದ ಮೆದುಳು ಆ ವಯಸ್ಸಿನಲ್ಲಿ ಇನ್ನೂ ಕಟ್ಟಡದ ಹಂತದಲ್ಲೇ ಇರುತ್ತದೆ.

ಆದರೆ ಈ ಹುಡುಗಿಗೆ ಗಂಟು ಬಿಡಿಸಿಕೊಳ್ಳುವ ಅವಕಾಶವನ್ನೇ ಯಾರೂ ಕೊಟ್ಟಿರಲಿಲ್ಲ. ಎಲ್ಲರಿಗೂ ಅವಳ ಮೇಲೆ ಮಮಕಾರ. ಅಪ್ಪ ಮದ್ದಿನ ತಂಡದವನಾದ್ದರಿಂದ ಯಾವ ದಿನ ಹಾರಿಸುತ್ತಾರೆ ಎನ್ನುವುದು ಮನೆಗೆ ಮೊದಲೇ ಗೊತ್ತಾಗುತ್ತಿತ್ತು. ರಜೆಯ ದಿನವಾದರೆ ಅವ್ವ ಬಾಗಿಲು ಜಡಿದು, ರೇಡಿಯೊ ಜೋರು ಮಾಡಿ, ಅವಳ ತಲೆಯ ಮೇಲೆ ಕೌದಿ ಹೊದಿಸಿ ಕೂರಿಸುತ್ತಿದ್ದಳು. ಶಾಲೆಯ ದಿನವಾದರೆ ಅಪ್ಪ ಬೆಳಿಗ್ಗೆಯೇ ಮಾಸ್ತರರಿಗೆ ಹೇಳಿ ಹೋಗುತ್ತಿದ್ದ. ಅವರು ಆ ಹೊತ್ತಿಗೆ ಅವಳನ್ನು ಆಫೀಸು ಕೋಣೆಯಲ್ಲಿ ಕೂರಿಸಿ ಕಿಟಕಿ ಮುಚ್ಚುತ್ತಿದ್ದರು. ಊರಿಗೆ ಊರೇ ಸೇರಿ ಆ ಅಂಜಿಕೆಗೆ ಹಾಲು ತುಪ್ಪ ಹಾಕಿ ಸಾಕಿತ್ತು.

ಗುಲಬರ್ಗಾದಲ್ಲಿ ನನಗೆ ಕಲಿಸಿದ ಹಿರಿಯ ವೈದ್ಯರೊಬ್ಬರಿದ್ದರು. ಅವರ ಹತ್ತಿರ ಈ ವಿಷಯ ಎತ್ತಿದೆ. ಅವರು ಕೇಳಿ ಮುಗಿಸುವ ಮೊದಲೇ ನಿದ್ರೆಗುಳಿಗೆಯ ಜಾತಿಯದೊಂದು ಮಾತ್ರೆಯ ಹೆಸರು ಹೇಳಿ, ಗಣಿಯ ಸದ್ದಿಲ್ಲದ ಊರಿಗೆ ಕಳಿಸು, ಒಂದು ವರ್ಷ ಹೋದರೆ ಏನೂ ಲೂಟಿಯಾಗುವುದಿಲ್ಲ ಎಂದರು. ಆ ಮಾತ್ರೆ ಕೊಟ್ಟರೆ ಅಂಜಿಕೆ ಮಲಗುತ್ತದೆ, ಅದರ ಜೊತೆಗೆ ಕಲಿಯುವ ಮೆದುಳೂ ಮಲಗುತ್ತದಲ್ಲ ಎಂದೆ. ಅವರು ನಕ್ಕು, ನಿನ್ನ ಹಟ ಇನ್ನೂ ಹೋಗಿಲ್ಲ ಎಂದರು. ಹೌದು, ಹೋಗಿರಲಿಲ್ಲ. ಮಾತ್ರೆ ಬರೆಯಲಿಲ್ಲ.

ನನ್ನ ಹತ್ತಿರ ಒಂದು ಟೇಪ್‌ರೆಕಾರ್ಡರ್ ಇತ್ತು. ಗಣಿಯ ಹತ್ತಿರ ಹೋಗಿ ಭೋಂಗಾದ ಕೂಗನ್ನು ಕ್ಯಾಸೆಟ್ಟಿಗೆ ತುಂಬಿಕೊಂಡು ಬಂದೆ. ಸುಣ್ಣದ ಧೂಳು ಮೆತ್ತಿದ ಸೀರೆಯಲ್ಲಿ ಮನೆಗೆ ಬಂದವಳನ್ನು ನಮ್ಮಮ್ಮ ಬಚ್ಚಲ ಬಾಗಿಲಲ್ಲೇ ನಿಲ್ಲಿಸಿ, ಇಷ್ಟು ಓದಿ ಕಲ್ಲು ಒಡೆಯುವ ಕೆಲಸಕ್ಕೆ ಸೇರಿದೆಯಾ ಎಂದು ಮೂಗು ಮುರಿದರು. ಮರುವಾರದಿಂದ ಹುಡುಗಿಗೆ ಪಾಠ ಶುರುವಾಯಿತು. ಮೊದಲು ಕಿವಿಗೆ ಬಿದ್ದೂ ಬೀಳದಷ್ಟು ಸಣ್ಣಗೆ. ಅವಳು ಕುರ್ಚಿಯ ಕೈ ಹಿಡಿದು ಕೂರಬೇಕು, ಅಂಜಿಕೆ ಏರುವುದನ್ನು ಬಾಯಿಬಿಟ್ಟು ಹೇಳಬೇಕು, ಅದು ತಾನಾಗಿ ಇಳಿಯುವ ತನಕ ಎದ್ದು ಹೋಗಬಾರದು. ಇಳಿದ ಮೇಲೆ ಇನ್ನಷ್ಟು ಜೋರು.

ನಾನು ಅಂದುಕೊಂಡದ್ದಕ್ಕಿಂತ ಬೇಗ ಅವಳು ಸುಧಾರಿಸಿದಳು. ಜೋರಾಗಿ ಹಚ್ಚಿದರೂ ಗೋಡೆಗೆ ಒರಗಿ ಕಣ್ಣು ಅರೆಮುಚ್ಚಿ ಕೇಳುತ್ತಿದ್ದಳು. ಹೇಗನ್ನಿಸುತ್ತದೆ ಎಂದರೆ, ಏನಿಲ್ಲರಿ, ಆರಾಮ ಅದ ಎನ್ನುತ್ತಿದ್ದಳು. ನನಗೋ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಅವಳನ್ನೂ ಅವಳ ಅಪ್ಪನನ್ನೂ ಕರೆದುಕೊಂಡು ಗಣಿಯ ದಾರಿಗೆ ನಡೆದೆ. ನಿಜವಾದ ಭೋಂಗಾ ಕೇಳಲಿ, ಅಲ್ಲಿಗೆ ಮುಗಿಯಲಿ ಎಂದು.

ಭೋಂಗಾ ಕೂಗಿತು. ಹುಡುಗಿ ನನ್ನ ಕೈ ಕೊಸರಿಕೊಂಡು ಓಡಿದಳು. ಊರ ಕಡೆಗಾದರೂ ಓಡಿದಳೇ ಎಂದರೆ ಇಲ್ಲ, ಕಣ್ಣು ಕಾಣದವಳ ಹಾಗೆ ಗಣಿಯ ಕಡೆಗೇ ಓಡಿದಳು. ಅವಳ ಅಪ್ಪ ಬೆನ್ನಟ್ಟಿ ಹೋಗಿ ಕಲ್ಲಿನ ಮೇಲೆ ಬಿದ್ದು ಮೊಣಕಾಲು ಒಡೆದುಕೊಂಡು ಅವಳನ್ನು ಹಿಡಿದು ನೆಲಕ್ಕೆ ಕೆಡವಿಕೊಂಡ. ಅಷ್ಟರಲ್ಲಿ ಮದ್ದು ಹಾರಿತು. ಕಲ್ಲು ಅವರ ತನಕ ಬರಲಿಲ್ಲ, ಧೂಳು ಮಾತ್ರ ಬಂತು. ಅವನು ಎದ್ದು ಬಂದು ನನಗೆ ಬೈಯಲಿಲ್ಲ. ಹುಡುಗಿಯನ್ನು ಹೆಗಲಿಗೆ ಒರಗಿಸಿಕೊಂಡು, ಚಿಂಚೋಳಿ ತಾಲ್ಲೂಕಿನ ಕೊಡ್ಲಿಯಲ್ಲಿ ಅವಳ ಸೋದರಮಾವನ ಮನೆಯಿದೆ, ಹೊಲ ಮನೆ ಮಾಡಿಕೊಂಡು ಇರುತ್ತಾಳೆ, ಇನ್ನು ನೀವು ಬರಬೇಡಿರಿ ಎಂದು ಹೇಳಿ ನಡೆದ. ಬೈದಿದ್ದರೆ ಚೆನ್ನಾಗಿತ್ತು.

ಆ ರಾತ್ರಿಯೂ ಮರುದಿನವೂ ತಲೆ ಕೆಡಿಸಿಕೊಂಡೆ. ಒಂದು ಜಾಗದಲ್ಲಿ ಬಿಡಿಸಿದ ಗಂಟು ಇನ್ನೊಂದು ಜಾಗದಲ್ಲಿ ಹಾಗೇ ಇರುತ್ತದೆ ಎನ್ನುವುದು ನನಗೆ ಓದಿ ಗೊತ್ತಿತ್ತು. ಕೋಣೆಯಲ್ಲಿ ಕಲಿತದ್ದು ಗಣಿಯಲ್ಲಿ ನೆನಪಾಗದೆ ಹೋಗಬಹುದು. ಆದರೆ ಅಷ್ಟರಿಂದಲೇ ಸಮಾಧಾನವಾಗಲಿಲ್ಲ. ಕೋಣೆಯಲ್ಲಿ ಆ ಅರೆಮುಚ್ಚಿದ ಕಣ್ಣು, ಆ ‘ಆರಾಮ ಅದ’ ನನ್ನನ್ನು ಕಾಡುತ್ತಿತ್ತು. ಬರಬೇಡಿ ಎಂದವನ ಮನೆಗೆ ಆ ವಾರವೇ ಹೋದೆ. ಕರೆಯದೆ ಹೋಗುವುದಕ್ಕೆ ನನಗೆ ನಾಚಿಕೆಯೇನಿಲ್ಲ.

ಅಪ್ಪ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಗೋಡೆಯ ಬುದ್ಧನ ಪಟದ ಕೆಳಗೆ ಕೂತಿದ್ದ. ಹುಡುಗಿಯ ಆಯಿ, ಎಂದರೆ ಅಪ್ಪನ ತಾಯಿ, ನನಗೆ ಚಾಪೆ ಹಾಸಿ ನೀರು ಕೊಟ್ಟಳು. ನಾನು ಅವಳ ಹತ್ತಿರವೇ ಕೇಳಿದೆ: ವಾಡಿಗೆ ಬರುವ ದಿನ ಹುಡುಗಿ ಏನು ತಿಂದು ಬರುತ್ತಿದ್ದಳು? ಆಯಿಗೆ ಮುಚ್ಚಿಡುವುದೇನೂ ಇರಲಿಲ್ಲ. ಒಂದು ಗದ್ದುಗೆಗೆ ಅವಳು ಅಮಾವಾಸ್ಯೆಗೊಮ್ಮೆ ಹೋಗಿ ಬರುತ್ತಾಳೆ. ಅಲ್ಲಿ ಪ್ರಸಾದವೆಂದು ಭಂಗಿ ಸೊಪ್ಪು ಕೊಡುತ್ತಾರೆ. ಅದನ್ನು ಬೆಲ್ಲದ ಜೊತೆ ಕುಟ್ಟಿ ಉಂಡೆ ಮಾಡಿಟ್ಟು, ಮೊಮ್ಮಗಳು ದವಾಖಾನೆಗೆ ಹೊರಡುವಾಗ ಒಂದು ಬಾಯಿಗೆ ಹಾಕಿ ಕಳಿಸುತ್ತಿದ್ದಳು. ಅಜ್ಜ ಗಣಿಯಲ್ಲಿದ್ದಾಗ ಅದನ್ನೇ ತಿಂದು ಕೆಳಗಿಳಿಯುತ್ತಿದ್ದನಂತೆ, ಅಂಜಿಕೆ ಎಂಬುದು ಅವನ ಹತ್ತಿರ ಸುಳಿಯಲಿಲ್ಲವಂತೆ. ಗಣಿಗೆ ಹೋದ ದಿನ ಅಪ್ಪ ಜೊತೆಗಿದ್ದ ಎಂದು ಕೊಟ್ಟಿರಲಿಲ್ಲ. ಗದ್ದುಗೆಯ ವಿಷಯ ಮಗನಿಗೆ ಸೇರುತ್ತಿರಲಿಲ್ಲ.

ಅಪ್ಪನ ಮುಖ ಕಪ್ಪಿಟ್ಟಿತು. ನಾನೂ ಸಿಡಿದೆದ್ದೆ. ಬೆಳೆಯುವ ಹುಡುಗಿಯ ತಲೆಗೆ ಇದನ್ನೆಲ್ಲ ಹಾಕಬಹುದೇ ಎಂದು ದನಿ ಎತ್ತಿದೆ. ಆಯಿ ಜಗ್ಗಲಿಲ್ಲ.

“ಯವ್ವಾ, ನೀನು ಓದಿದಾಕಿ. ನಾ ಕೊಟ್ಟದ್ದು ಬಿಡಸ್ತೀ, ಬಿಡಸು. ಬಿಟ್ಟ ಮ್ಯಾಲ ನಮ್ಮ ಪೋರಿ ಥರಥರ ನಡಗಾಕತ್ತಿದ್ರ ಆ ಅಂಜಿಕಿ ನೀ ತಗೋತೀಯೇನು?”

ಆಯಿ ಹೇಳುವುದರಲ್ಲಿ ಒಂದು ಎಳೆ ನಿಜವೂ ಇತ್ತು. ಆ ವರ್ಷಗಳಲ್ಲಿ ನಮ್ಮ ವಿಷಯದ ಪತ್ರಿಕೆಗಳಲ್ಲಿ ಅದೇ ಸುದ್ದಿ. ಭಂಗಿಯ ರಸದಂಥದ್ದೇ ಒಂದು ವಸ್ತುವನ್ನು ನಮ್ಮ ಮೆದುಳು ತಾನೇ ತಯಾರಿಸಿಕೊಳ್ಳುತ್ತದೆ. ಕಂಡುಹಿಡಿದವರು ಅದಕ್ಕೆ ನಮ್ಮ ‘ಆನಂದ’ ಶಬ್ದವನ್ನೇ ತೆಗೆದುಕೊಂಡು ಹೆಸರಿಟ್ಟಿದ್ದರು. ಅದು ಹೋಗಿ ಕೂರುವ ಬೀಗಗಳು ಅಮಿಗ್ಡಲದಲ್ಲಿಯೂ ಇವೆ. ಆ ಬೀಗಗಳಿಲ್ಲದ ಇಲಿಗಳು ಅಂಜಿಕೆಯನ್ನು ಕಲಿಯುತ್ತವೆ, ಬಿಡುವುದಕ್ಕೆ ಮಾತ್ರ ಒದ್ದಾಡುತ್ತವೆ ಎಂದು ಪ್ರಯೋಗಗಳು ತೋರಿಸಿದ್ದವು. ಎಂದರೆ ಅಂಜಿಕೆ ಬಿಡಿಸುವ ಕೆಲಸದಲ್ಲಿ ಮೆದುಳಿನ ಸ್ವಂತ ಭಂಗಿಗೂ ಪಾಲಿದೆ.

ಆಯಿಗೆ ಇದನ್ನು ನನ್ನ ಭಾಷೆಯಲ್ಲಿ ಹೇಳಿದೆ. ನಿನ್ನ ಮೊಮ್ಮಗಳ ತಲೆಯೊಳಗೇ ಆ ಸೊಪ್ಪು ಇದೆ ಆಯಿ, ಬೇಕಾದ ಹೊತ್ತಿಗೆ ಬೇಕಾದ ಜಾಗದಲ್ಲಿ ಒಂದು ಚಿಟಿಕೆ ಬಿಡುತ್ತದೆ, ಕೆಲಸ ಮುಗಿದೊಡನೆ ಅಳಿಸಿ ಹಾಕುತ್ತದೆ. ನೀನು ಹೊರಗಿನಿಂದ ಉಂಡೆ ಹಾಕಿದರೆ ಇಡೀ ಹೊಲಕ್ಕೆ ಕೆರೆಯ ತೂಬು ಎತ್ತಿದ ಹಾಗೆ. ಅಂಜಿಕೆಯೂ ಮುಳುಗಿತು, ಪಾಠವೂ ಮುಳುಗಿತು. ಮತ್ತಿನಲ್ಲಿ ಕೂತು ಕ್ಯಾಸೆಟ್ ಕೇಳಿದವಳಿಗೆ ಏನು ಕಲಿತ ಹಾಗಾಯಿತು? ಆಯಿ ಗಲ್ಲಕ್ಕೆ ಕೈಕೊಟ್ಟು ಕೇಳಿದಳು. ಒಪ್ಪಿದಳೋ ಇಲ್ಲವೋ ತಿಳಿಯದು, ಎದ್ದು ಹೋಗಿ ಡಬ್ಬಿ ತಂದು ನನ್ನ ಮುಂದೆ ಇಟ್ಟಳು. ನಾನು ಅದನ್ನು ತೆಗೆದುಕೊಂಡು ಹೋಗಿ ಹಿತ್ತಲ ತಿಪ್ಪೆಗೆ ಸುರುವಿ, ಮೇಲೆ ಬೂದಿ ಹಾಕಿ ಬಂದೆ.

ಕೊಡ್ಲಿಗೆ ಕಳಿಸುವುದು ಮಾತ್ರ ಇನ್ನೂ ಅಪ್ಪನ ಮನಸ್ಸಿನಲ್ಲಿತ್ತು. ಆಗ ಇಷ್ಟು ಹೊತ್ತು ಒಲೆಯ ಮುಂದೆ ಕೂತಿದ್ದ ಹುಡುಗಿ ಬಾಯಿ ಬಿಟ್ಟಳು.

“ನಾ ಕೊಡ್ಲಿಗಿ ಹೋಗಲ್ಲಪ್ಪ. ಅಲ್ಲಿ ಮಾವನ ಮನ್ಯಾಗ ಕುಕ್ಕರ್ ಇಲ್ಲೇನು? ಅದರ ಸೀಟಿಗಿ ಅಂಜಿ ಅಲ್ಲಿಂದ ಎಲ್ಲಿಗಿ ಓಡಲಿ?”

ಅಪ್ಪ ಮೊಣಕಾಲಿನ ಪಟ್ಟಿ ಬಿಗಿ ಮಾಡಿಕೊಳ್ಳುತ್ತ, ಪರೀಕ್ಷೆಯ ತನಕ ನೋಡೋಣ ಎಂದ. ಹಿಂದೆ ಹೇಳಿದ ಮಾತನ್ನು ಅವನು ಹಿಂತೆಗೆದುಕೊಂಡದ್ದು ಹೀಗೆ, ನನ್ನ ಕಡೆ ನೋಡದೆಯೇ.

ಈ ಸಂಗತಿ ಕೇಳಿ ಗುಲಬರ್ಗಾದ ಹಿರಿಯರಿಗೆ ಕಣ್ಣು ಅರಳಿತು. ಮೊದಲ ಸಲ ಗಮನ ಕೊಟ್ಟು ಕೇಳಿಸಿಕೊಂಡರು. ಹುಡುಗಿ ಕೋಣೆಯಲ್ಲಿ ಶಾಂತವಾಗಿದ್ದಳು ತಾನೆ, ಹಾಗಾದರೆ ಉಂಡೆಯನ್ನು ತೂಕ ಮಾಡಿ ಕೊಟ್ಟು ನೋಡು, ಇಬ್ಬರೂ ಸೇರಿ ಬರೆಯೋಣ, ಇಂಥದ್ದು ಯಾರೂ ಬರೆದಿಲ್ಲ ಎಂದರು. ಇಲಿಯ ಮೇಲೆ ಗೊತ್ತಾದದ್ದು ಇನ್ನೂ ಅರೆಬರೆ, ಇವಳು ಅಪ್ಪ ಅವ್ವ ಇರುವ ಹುಡುಗಿ, ಇನ್ನೂ ಬಲಿಯದ ಮೆದುಳು, ನಾನು ಕೊಡುವುದಿಲ್ಲ ಎಂದೆ. ದೊಡ್ಡ ಅವಕಾಶ ಕೈ ಬಿಡುತ್ತಿದ್ದೀ ಎಂದರು. ಬಿಡುತ್ತೇನೆ ಎಂದು ಹೇಳಿ ಎದ್ದು ಬಂದೆ. ಆಮೇಲೆ ಅವರು ಬಹಳ ದಿನ ನನ್ನ ಫೋನು ಎತ್ತಲಿಲ್ಲ.

ಇನ್ನು ಗಣಿಯ ಮ್ಯಾನೇಜರು. ನನ್ನ ಲೆಕ್ಕಾಚಾರ ಸರಳವಾಗಿತ್ತು. ಪಾಠ ಕೋಣೆಯಲ್ಲಿ ಆಗುವುದಿಲ್ಲವೆಂದರೆ ಗಣಿಯ ದಾರಿಯಲ್ಲೇ ಆಗಲಿ. ಮದ್ದು ಹಾರಿಸದ ದಿನ ಸುಮ್ಮನೆ ಭೋಂಗಾ ಕೂಗಿಸಿದರೆ ಸಾಕು. ಭೋಂಗಾ ಆಯಿತು, ಕಲ್ಲು ಬರಲಿಲ್ಲ. ಮತ್ತೆ ಭೋಂಗಾ, ಮತ್ತೆ ಕಲ್ಲಿಲ್ಲ. ಪುಸ್ತಕದಲ್ಲಿ ಹೇಳುವುದೂ ಇದನ್ನೇ. ಮ್ಯಾನೇಜರು ಮರ್ಯಾದಸ್ಥರು, ಚಹಾ ತರಿಸಿಕೊಟ್ಟರು, ಕೊನೆಯ ತನಕ ಕೇಳಿದರು, ಆಮೇಲೆ ಸಾಧ್ಯವೇ ಇಲ್ಲ ಎಂದರು.

“ಸುಮ್ನ ಸುಮ್ನ ಭೋಂಗಾ ಹೊಡದ್ರ ಒಂದು ತಿಂಗಳದಾಗ ಈ ಸುತ್ತಿನ ಮಂದಿ ಅದನ್ನ ಕಿವಿಮ್ಯಾಲ ಹಾಕ್ಕೊಳ್ಳೋದು ಬಿಡ್ತಾರ, ಮೇಡಂ. ನಿಮ್ಮ ಒಂದು ಹುಡುಗಿ ಅಂಜಿಕಿ ಬಿಡಸಾಕ ಹೋಗಿ ಊರ ಮಂದಿದೆಲ್ಲ ಬಿಡಸ್ತೀರಿ. ಆಮ್ಯಾಲ ಹೆಣ ಎತ್ತೋರು ಯಾರು?”

ನಾನು ವಾದ ಮಾಡಿದೆ. ಗಣಿಯ ದಾರಿಯಲ್ಲಿ ಆಗದಿದ್ದರೆ ನಿಮ್ಮ ಆವರಣದ ಒಳಗೆ, ಮೆಲ್ಲಗಾದರೂ, ಒಂದು ಸಲವಾದರೂ ಎಂದು ಹಟ ಹಿಡಿದೆ. ಅವರು ತಲೆ ಅಲ್ಲಾಡಿಸುತ್ತಲೇ ಇದ್ದರು. ಕಂಪನಿಯ ಜನಕ್ಕೆ ಮನುಷ್ಯರ ಮೇಲೆ ದಯೆಯಿಲ್ಲ ಎಂದು ಏನೇನೋ ಅಂದು, ಚಹಾ ಅರ್ಧಕ್ಕೆ ಬಿಟ್ಟು ಬಂದೆ.

ಸಂಜೆಯ ಗಾಡಿಯಲ್ಲಿ ಚಿತ್ತಾಪುರ ದಾಟುವ ತನಕ ಮನಸ್ಸಿನಲ್ಲೇ ಅವರ ಜೊತೆ ಜಗಳವಾಡುತ್ತಿದ್ದೆ. ಅವರ ಮಾತಿಗೆ ಒಂದು ಗಟ್ಟಿ ಉತ್ತರ ಹುಡುಕುತ್ತಿದ್ದೆ. ಸಿಗಲಿಲ್ಲ. ಸೇಡಂ ಬರುವಷ್ಟರಲ್ಲಿ ಉತ್ತರ ಯಾಕೆ ಸಿಗುತ್ತಿಲ್ಲ ಎಂದು ತಿಳಿದಿತ್ತು: ಅವರು ಹೇಳಿದ್ದು ಸರಿ. ಭೋಂಗಾ ಆದರೆ ಏನೂ ಆಗುವುದಿಲ್ಲ ಎಂದು ನಾನು ಆ ಹುಡುಗಿಗೆ ಕಲಿಸಲು ಹೊರಟಿದ್ದೆ. ಅದು ಸುಳ್ಳು. ಆಗುತ್ತದೆ, ಕಲ್ಲು ಹಾರುತ್ತದೆ, ಅವಳು ಕಣ್ಣಾರೆ ಕಂಡಿದ್ದಾಳೆ. ಅವಳ ಅಮಿಗ್ಡಲ ಕಲಿತ ಪಾಠದಲ್ಲಿ ತಪ್ಪಿರಲಿಲ್ಲ, ಅರ್ಧ ಪಾಠ ಮಾತ್ರ ಕಲಿತಿತ್ತು. ಕಲ್ಲು ಎಲ್ಲಿಯ ತನಕ ಬರುತ್ತದೆ, ಎಲ್ಲಿಂದ ಈಚೆಗೆ ಬರುವುದಿಲ್ಲ ಎನ್ನುವ ಉಳಿದರ್ಧ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೌದಿಯೊಳಗೆ ಕೂತವಳಿಗೆ ಅದು ಕಾಣುವುದಾದರೂ ಹೇಗೆ?

ಮರುದಿನವೇ ಮ್ಯಾನೇಜರ ಹತ್ತಿರ ಮತ್ತೆ ಹೋದೆ. ನಿನ್ನೆಯ ಚಹಾ ಆರಿಹೋಯಿತಲ್ಲ, ಇನ್ನೊಂದು ತರಿಸಿ ಎಂದೆ. ಅವರು ನಕ್ಕರು. ಈ ಸಲ ಸುಳ್ಳು ಭೋಂಗಾ ಕೇಳಲಿಲ್ಲ. ನಿಜವಾಗಿ ಮದ್ದು ಹಾರುವ ದಿನ, ಕೆಂಪು ಬಾವುಟದಿಂದ ಸಾಕಷ್ಟು ಈಚೆಗೆ, ಸಾರ್ವಜನಿಕರು ನಿಲ್ಲುವ ಜಾಗದಲ್ಲೇ ಹುಡುಗಿಯನ್ನು ನಿಲ್ಲಿಸಿಕೊಳ್ಳುತ್ತೇನೆ, ಬಾವುಟ ಹಿಡಿಯುವ ಪಾಳಿಯನ್ನು ಆ ದಿನಗಳಲ್ಲಿ ಅವಳ ಅಪ್ಪನಿಗೆ ಕೊಡಿ ಎಂದಷ್ಟೇ ಕೇಳಿದೆ. ಅದಕ್ಕೆ ಯಾವ ನಿಯಮವೂ ಅಡ್ಡ ಬರಲಿಲ್ಲ.

ಮೊದಲ ಸಲ ದೂರದಲ್ಲಿ, ಊರ ಹನುಮಪ್ಪನ ಗುಡಿಯ ಕಟ್ಟೆಯ ಹತ್ತಿರ ನಿಂತೆವು. ಓಡಿದರೆ ಹಿಡಿಯಲು ಅವ್ವ ಒಂದು ಕಡೆ, ನಾನೊಂದು ಕಡೆ. ಭೋಂಗಾ ಕೂಗಿದಾಗ ಅವಳು ನನ್ನ ತೋಳಿಗೆ ಉಗುರು ನಾಟಿಸಿದಳು, ಆ ಗುರುತು ವಾರ ಇತ್ತು. ಓಡಲಿಲ್ಲ. ಕಣ್ಣು ಮುಚ್ಚಬಾರದು ಎಂಬುದೊಂದೇ ನನ್ನ ಷರತ್ತು. ಧೂಳಿನ ಮೋಡ ಎದ್ದದ್ದು, ಕಲ್ಲುಗಳು ಮೇಲೆ ಹೋಗಿ ಗಣಿಯೊಳಗೇ ಬಿದ್ದದ್ದು, ಒಂದೆರಡು ಅಂಚಿಗೆ ಬಂದು ನಿಂತದ್ದು, ಎಲ್ಲವನ್ನೂ ನೋಡಿ ಬಾಯಿಬಿಟ್ಟು ಹೇಳಬೇಕು. ಹೇಳುವಾಗ ಹಲ್ಲು ಕಟಕಟ ಎನ್ನುತ್ತಿದ್ದವು. ಅಂಜಿಕೆ ಇಳಿಯುವ ತನಕ ಅಲ್ಲೇ ನಿಂತೆವು. ಗುಳಿಗೆಯಿಲ್ಲ, ಉಂಡೆಯಿಲ್ಲ. ಅವಳ ಮೆದುಳು ತನ್ನ ಚಿಟಿಕೆಯನ್ನು ತಾನೇ ಬಿಟ್ಟುಕೊಳ್ಳಲಿ ಎಂದು ಕಾದೆ.

ವಾರ ವಾರ ಸ್ವಲ್ಪ ಸ್ವಲ್ಪ ಮುಂದೆ ಸರಿದೆವು. ಒಂದು ದಿನ ಗಾಳಿ ನಮ್ಮ ಕಡೆ ಬೀಸಿ ಧೂಳು ಮುಖಕ್ಕೆ ಬಡಿಯಿತು. ಹುಡುಗಿ ಕುಸಿದು ಕೂತು ಮತ್ತೆ ಹಳೆಯ ಹಾಗೆ ಕಿರುಚಿದಳು. ಮುಂದಿನ ಸಲ ಬರುವುದಿಲ್ಲ ಎಂದು ಅತ್ತಳು. ಅವ್ವ ಬಾಗಿಲು ಹಾಕಿ ಕೌದಿ ತೆಗೆದಿದ್ದಳು ಕೂಡ. ಆಯಿ ಆ ಕೌದಿಯನ್ನು ಕಿತ್ತುಕೊಂಡು ಹೊರಗಿನ ಹಗ್ಗದ ಮೇಲೆ ಒಗೆದಳಂತೆ. ನನ್ನ ಡಬ್ಬಿ ತಿಪ್ಪಿಗಿ ಹೋತು, ನಿನ್ನ ಕೌದಿ ಒಳಗ್ಯಾಕ ಎಂದು ಸೊಸೆಗೆ ಅಂದಳಂತೆ. ಇದನ್ನು ಹುಡುಗಿಯೇ ನಗುತ್ತ ಹೇಳಿದಳು. ಮುಂದಿನ ಸಲ ಬಂದಳು. ಪರೀಕ್ಷೆ ಹತ್ತಿರ ಬರುವಷ್ಟರಲ್ಲಿ ಅಪ್ಪ ಬಾವುಟ ಹಿಡಿದು ನಿಂತ ಕಡೆಯೇ, ಅವನಿಗಿಂತ ಸ್ವಲ್ಪ ಹಿಂದೆ, ಸೈಕಲ್ಲಿನವರ ಮತ್ತು ಬಂಡಿಯವರ ಜೊತೆ ನಿಲ್ಲುತ್ತಿದ್ದಳು. ಒಬ್ಬ ಮುದುಕ ಆಕಳು ಹೊಡೆದುಕೊಂಡು ಬಾವುಟ ದಾಟಲು ಹೋದಾಗ, “ಕಾಕಾ, ನಿಂದ್ರು, ಕಲ್ಲು ಬರ್ತಾವ” ಎಂದು ಅವಳೇ ಕೂಗಿ ನಿಲ್ಲಿಸಿದಳು. ಅವಳ ದನಿ ನಡುಗುತ್ತಿತ್ತು, ಆದರೆ ಮುದುಕ ನಿಂತ.

ಅಷ್ಟಾದರೂ ಶಾಲೆಯವರಿಗೆ ನಂಬಿಕೆ ಬರಲಿಲ್ಲ. ಪರೀಕ್ಷೆಯ ಕೇಂದ್ರ ಅವಳ ಶಾಲೆಯೇ. ಬೆಳಿಗ್ಗೆ ಶುರುವಾದ ಪರೀಕ್ಷೆ ಮುಗಿಯುವ ಮೊದಲೇ ಭೋಂಗಾದ ಹೊತ್ತಾಗುತ್ತದೆ. ಹೆಡ್‌ಮಾಸ್ತರರು ಒಂದು ದಿನ ನನ್ನನ್ನೂ ಅಪ್ಪನನ್ನೂ ಹುಡುಗಿಯನ್ನೂ ಶಾಲೆಗೆ ಕರೆಸಿದರು. ಹೋಗಿ ನೋಡಿದರೆ ಗಣಿಯ ಮ್ಯಾನೇಜರೂ ಅಲ್ಲಿದ್ದಾರೆ. ಪರೀಕ್ಷೆಯ ದಿನಗಳಲ್ಲಿ ಆ ಹೊತ್ತಿಗೆ ಮದ್ದು ಹಾರಿಸದೆ ಸಂಜೆಗೆ ಹಾಕಿಕೊಳ್ಳಲು ಅವರು ಒಪ್ಪಿದ್ದರು. ದಯೆಯಿಲ್ಲ ಎಂದು ನಾನೇ ಬೈದಿದ್ದ ಮನುಷ್ಯ. ಅಪ್ಪ ಕೈಮುಗಿದ. ಹೆಡ್‌ಮಾಸ್ತರರ ಮುಖದಲ್ಲಿ ದೊಡ್ಡ ಸಮಾಧಾನ. ನಿಜ ಹೇಳುತ್ತೇನೆ, ನನಗೂ ಉಸಿರು ಹಗುರಾಯಿತು. ಹೇಗಾದರೂ ಪರೀಕ್ಷೆ ಮುಗಿದರೆ ಸಾಕು, ಉಳಿದದ್ದು ಆಮೇಲೆ ನೋಡಿಕೊಂಡರಾಯಿತು ಎಂದು ಧನ್ಯವಾದ ಹೇಳಲು ಬಾಯಿ ತೆರೆದಿದ್ದೆ.

ಹುಡುಗಿ ಅಡ್ಡ ಬಂದಳು.

“ಬ್ಯಾಡ್ರಿ ಸರ್. ನನ್ನ ಸಲುವಾಗಿ ಭೋಂಗಾ ನಿಲ್ಲಸಬ್ಯಾಡ್ರಿ. ಈಗ ನಿಲ್ಲಿಸಿದ್ರ, ನಾ ಪಾಸಾದ್ರೂ ಭೋಂಗಾ ನಿಲ್ಲಿಸಿದ್ದಕ್ಕ ಪಾಸಾದ್ಲು ಅಂತಾರ. ನಂಗೂ ಹಂಗೇ ಅನ್ನಸ್ತದ.”

ಹೆಡ್‌ಮಾಸ್ತರರು ಅವಳನ್ನು ಗದರಿಸಲು ಹೊರಟರು. ದೊಡ್ಡವರು ನಿನ್ನ ಸಲುವಾಗಿಯೇ ಮಾಡುತ್ತಿದ್ದರೆ ಎದುರು ಮಾತೇ ಎಂದರು. ಇನ್ನು ನಾನು ಸುಮ್ಮನಿರುವುದೆಂತು? ಅವಳು ಹೇಳಿದ್ದೇ ನನ್ನ ವೈದ್ಯಕೀಯ ಅಭಿಪ್ರಾಯ, ಬೇಕಾದರೆ ಬರೆದು ಸಹಿ ಹಾಕಿ ಕೊಡುತ್ತೇನೆ ಎಂದೆ. ನಡುವೆ ಎದ್ದು ಕಿರುಚಿದರೆ ಯಾರು ಹೊಣೆ ಎಂದರು. ನಾನು ಎಂದೆ. ಮ್ಯಾನೇಜರು ಅಪ್ಪನ ಮುಖ ನೋಡಿದರು. ಮುಗಿದ ಕೈ ಇನ್ನೂ ಹಾಗೇ ಇತ್ತು. ಅವನು ಮಗಳನ್ನೊಮ್ಮೆ ನೋಡಿ ಕೈ ಇಳಿಸಿದ.

“ಆಕಿ ಹೇಳ್ದಂಗ ಆಗ್ಲಿ ಬಿಡ್ರಿ, ಸಾಹೇಬ್ರ. ಅವತ್ತ ನಾನೂ ಡ್ಯೂಟಿ ಮ್ಯಾಲೆ ಬರ್ತೀನಿ” ಎಂದ.

ಮೊದಲ ದಿನಗಳ ಪರೀಕ್ಷೆಗೆ ಮದ್ದು ಹಾರಿಸುವ ಸರದಿ ಬರಲಿಲ್ಲ. ಬಂದದ್ದು ಗಣಿತದ ದಿನವೇ. ನನಗೆ ವಾಡಿಯಲ್ಲಿ ಕೂರುವ ದಿನವಲ್ಲ, ಆದರೂ ಬಂದೆ. ಶಾಲೆಯ ಗೇಟಿನ ಹೊರಗೆ ಬೇಲಿಯ ನೆರಳಿನಲ್ಲಿ ಅವ್ವ ಮತ್ತು ಆಯಿ ಕೂತಿದ್ದರು, ಅವರ ಪಕ್ಕದಲ್ಲಿ ನಾನೂ ಕೂತೆ. ಬಿಸಿಲು ನೆತ್ತಿಗೆ ಬಂದಾಗ ಭೋಂಗಾ ಕೂಗಿತು. ಇಷ್ಟು ತಿಂಗಳು ಕೇಳಿ ಕೇಳಿ ಸವೆದಿದ್ದ ಸದ್ದೇ ಆದರೂ ಆವತ್ತು ನಾನು ಅರ್ಧ ಎದ್ದುಬಿಟ್ಟೆ. ಆಯಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ಅವ್ವ ಸೆರಗು ಬಾಯಿಗೆ ತುರುಕಿಕೊಂಡಳು. ಆಮೇಲೆ ನೆಲ ಅದುರಿತು, ಶಾಲೆಯ ಕಿಟಕಿಯ ಗಾಜುಗಳು ಗಿಲಿಗಿಲಿ ಎಂದವು. ಒಳಗಿನಿಂದ ಯಾರಾದರೂ ಓಡಿ ಬರುತ್ತಾರೆಯೇ ಎಂದು ಗೇಟನ್ನೇ ನೋಡುತ್ತಿದ್ದೆವು. ಯಾರೂ ಬರಲಿಲ್ಲ. ಗಂಟೆ ಹೊಡೆಯುವ ತನಕ ಯಾರೂ ಬರಲಿಲ್ಲ.

ಗಂಟೆಯಾದ ಮೇಲೆ ಮಕ್ಕಳು ದಂಡುಗಟ್ಟಿ ಹೊರಬಿದ್ದರು. ಅವಳು ಎಲ್ಲರಿಗಿಂತ ಹಿಂದೆ, ಮುಖ ಸಣ್ಣದು ಮಾಡಿಕೊಂಡು ಬಂದಳು. ಓಡಿಹೋಗಿ ಭೋಂಗಾ ಆದಾಗ ಏನಾಯಿತು ಎಂದು ಕೇಳಿದೆ.

“ಕೈ ನಡಗಿತ್ರಿ. ಬರೀಲಿಕ್ಕ ಆಗಲಿಲ್ಲ, ಪೆನ್ನು ಕೆಳಗಿಟ್ಟು ಕುಂತೆ. ಢಮ್ ಅಂತು. ಆಮ್ಯಾಲ ಮತ್ತ ಬರದೆ.”

ಹಾಗಾದರೆ ಈ ಮುಖವೇಕೆ ಎಂದೆ.

“ಗ್ರಾಫಿನ ಲೆಕ್ಕ ಬಿಟ್ಟೀನ್ರಿ ಮೇಡಂ” ಎಂದಳು. ಆಮೇಲೆ ಹಿಂದೆ ಬರುತ್ತಿದ್ದ ಹೆಡ್‌ಮಾಸ್ತರರಿಗೂ ಕೇಳಿಸುವಷ್ಟು ಜೋರಾಗಿ, “ಅಂಜಿ ಬಿಟ್ಟಿಲ್ಲ ಮತ್ತ. ನಂಗದು ಬರ್ತಿದ್ದಿಲ್ಲ” ಎಂದಳು.